ಸಣ್ಣ ತಂತಿ ಹಾಕಿದ ಮೇಲೆ ಗಿಟಾರ್ ಇನ್ನೂ ಜಾಸ್ತಿ ಝುಂಯ್ ಅನ್ನುತ್ತಿದೆ: ತಪ್ಪು ತಂತಿಯದಾ, ಫ್ರೆಟ್ಟಿನದಾ?

ತುಂಗಾತೀರದವ:
ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ನನ್ನ ಬಳಿ ಒಂಬತ್ತು ವರ್ಷ ಹಳೆಯ ಅಕೂಸ್ಟಿಕ್ ಗಿಟಾರ್ ಇದೆ. ದಿನಾ ಸಂಜೆ ಒಂದು ಗಂಟೆ ನುಡಿಸುತ್ತೇನೆ. ಹೆಚ್ಚಾಗಿ ಓಪನ್ ಕಾರ್ಡ್‌ಗಳೇ, ಸಿ, ಎ ಮೈನರ್, ಜಿ, ಡಿ, ಜೊತೆಗೆ ಎರಡನೇ ಫ್ರೆಟ್ಟಿಗೆ (ಗಿಟಾರಿನ ಕುತ್ತಿಗೆ, ಅಂದರೆ ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಕ್ಯಾಪೊ, ಅಂದರೆ ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್. ಮೊದಲಿನಿಂದ 12-53 ತಂತಿ (ಸೆಟ್ಟಿನ ಅತಿ ಸಣ್ಣ ತಂತಿಯ ಅಳತೆ 12, ಅತಿ ದಪ್ಪದ್ದು 53) ಹಾಕುತ್ತಿದ್ದೆ. ಈ ಮಳೆಗಾಲ ಶುರುವಾದ ಮೇಲೆ ಸಿ ಹಿಡಿದಾಗ ಎರಡನೇ ತಂತಿ ಒಂದನೇ ಫ್ರೆಟ್ಟಿನಲ್ಲಿ ಝುಂಯ್ ಅನ್ನುತ್ತದೆ. ಬೆರಳೂ ನೋಯುತ್ತದೆ. ಗೆಳೆಯನೊಬ್ಬ "ನಿನ್ನ ತಂತಿ ದಪ್ಪ ಆಯಿತು, 10-47 ಹಾಕು, ಎಲ್ಲ ಸರಿಹೋಗುತ್ತದೆ" ಅಂದ. ಹಾಕಿದೆ. ಬೆರಳಿಗೆ ಆರಾಮ ಸಿಕ್ಕಿತು, ಅದು ನಿಜ. ಆದರೆ ಝುಂಯ್ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಮೊದಲು ಒಂದೇ ಕಡೆ ಇತ್ತು, ಈಗ ಮೂರು ನಾಲ್ಕನೇ ಫ್ರೆಟ್ಟಿನಲ್ಲೂ ಕೇಳುತ್ತದೆ. ಒಂದು ಅಂಗಡಿಯಲ್ಲಿ ಕೇಳಿದೆ. ಗಿಟಾರನ್ನು ಕೈಗೂ ತೆಗೆದುಕೊಳ್ಳದೆ "ಫ್ರೆಟ್ ಎಲ್ಲ ಹೋಗಿದೆ, ಹೊಸ ಗಿಟಾರೇ ತಗೊಳ್ಳಿ" ಅಂದರು. ಇದು ಅಪ್ಪ ಕೊಡಿಸಿದ ಗಿಟಾರ್, ಬಿಡಲು ಮನಸ್ಸಿಲ್ಲ. ಗೊತ್ತಿರುವವರು ಸ್ವಲ್ಪ ಹೇಳಿ.

ಸಿಕ್ಸ್ ಸ್ಟ್ರಿಂಗ್ ಸೀನ:
ಗುರು, 10ಕ್ಕೆ ಬಂದಿದ್ದೀರಲ್ಲ, ಮತ್ತೆ 12ಕ್ಕೆ ಹೋಗಬೇಡಿ. ಬೆರಳಿಗೆ ಆರಾಮ ಅಂದರೆ ಅರ್ಧ ಕೆಲಸ ಆಯಿತು. ನಾನು ಎಲೆಕ್ಟ್ರಿಕ್‌ನಲ್ಲಿ 9-42 ಬಿಟ್ಟು ಬೇರೇನೂ ಹಾಕಿಲ್ಲ. ದಪ್ಪ ತಂತಿ ಹಾಕಿದರೇನೇ ಗಂಡಸು ಅನ್ನುವ ಹಾಗೆ ಮಾತಾಡುವವರು ತುಂಬಾ ಜನ ಇದ್ದಾರೆ, ಅವರ ಮಾತು ಕೇಳಬೇಡಿ. ಝಡ್‌ಝಡ್ ಟಾಪ್ ತಂಡದ ಬಿಲ್ಲಿ ಗಿಬನ್ಸ್ ಹಾಕುವುದು 7ರ ತಂತಿ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಹೇಳಿದ ಮೇಲೆ ದಪ್ಪ ತಂತಿ ಬಿಟ್ಟೆ ಅಂತ ಗಿಬನ್ಸ್ ಅವರೇ ಹೇಳಿದ್ದಾರೆ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ 1965ರಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳಿನ ತುದಿ ಕಳೆದುಕೊಂಡರು. ಆಮೇಲೆ ಸಣ್ಣ ತಂತಿ ಬೇಕು ಅಂತ ಬ್ಯಾಂಜೊ ತಂತಿ ತಂದು ಗಿಟಾರಿಗೆ ಹಾಕಿಕೊಂಡರು. ಅವರ ಗಿಟಾರಿನ ಸದ್ದು ತೆಳ್ಳಗಿದೆ ಅಂತ ಯಾರಾದರೂ ಹೇಳುತ್ತಾರಾ? ನಿಮಗೆ ಬೇಕಾಗಿರುವುದು ಇಷ್ಟೇ: ಸ್ಯಾಡಲ್ (ಬಾಡಿಯ ಕಡೆ ತಂತಿ ಕೂರುವ ಪಟ್ಟಿ) ಸ್ವಲ್ಪ ಎತ್ತರಿಸಿ, ತಂತಿ ಮೇಲೇಳುತ್ತದೆ, ಝುಂಯ್ ಹೋಗುತ್ತದೆ.

ಹದಿಮೂರರ ಅಭಿಮಾನಿ:
ಸೀನ ಅವರೇ, ಗಂಡಸುತನದ ಮಾತು ನಾನು ಆಡುವುದಿಲ್ಲ. ನನ್ನ ತಂಗಿ ಕೂಡ 13-56 ನುಡಿಸುತ್ತಾಳೆ. ಆದರೆ ಇಲ್ಲಿ ಆಗಿದ್ದೇನು ನೋಡಿ. ತಂತಿ ಸಣ್ಣ ಮಾಡಿದ ದಿನದಿಂದ ಝುಂಯ್ ಜಾಸ್ತಿ. ಸಡಿಲ ತಂತಿ ಅಗಲಕ್ಕೆ ಕುಣಿಯುತ್ತದೆ, ಕುಣಿದರೆ ಫ್ರೆಟ್ಟಿಗೆ ಬಡಿಯುತ್ತದೆ. ಬಿಗಿ ತಂತಿ ಕಡಿಮೆ ಜಾಗದಲ್ಲಿ ಕಂಪಿಸುತ್ತದೆ. ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರ ತಂತಿ ಹಾಕಿ ಬೆಂಡ್ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು) ಮಾಡುತ್ತಿದ್ದರು, ಅದೂ ಎಲೆಕ್ಟ್ರಿಕ್‌ನಲ್ಲಿ. ಅಕೂಸ್ಟಿಕ್ ಗಿಟಾರಿನಲ್ಲಂತೂ ಮೇಲಿನ ಹಲಗೆಯನ್ನು ಅಲ್ಲಾಡಿಸುವುದೇ ತಂತಿಯ ಬಿಗಿ. 10 ಹಾಕಿದರೆ ಡಬ್ಬಿ ಬಡಿದ ಹಾಗೆ ಕೇಳುತ್ತದೆ. ತುಂಗಾತೀರದವರೇ, ವಾಪಸ್ 12 ಹಾಕಿ, ಎರಡು ವಾರ ಬೆರಳು ನೋಯಲಿ, ಗಟ್ಟಿಯಾಗುತ್ತದೆ.

ಅರ ಮತ್ತು ಉಳಿ:
ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುತ್ತೇನೆ, ಹದಿನಾಲ್ಕು ವರ್ಷ ಆಯಿತು. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಇಬ್ಬರೂ ಗಿಟಾರನ್ನು ನೋಡದೆ ಮದ್ದು ಹೇಳುತ್ತಿದ್ದೀರಿ. ಆ ಅಂಗಡಿಯವರು ಮಾಡಿದ್ದೂ ಇದನ್ನೇ.

ಮೊದಲು ತಂತಿಯ ಲೆಕ್ಕ ನೋಡೋಣ. 10, 12 ಅನ್ನುವುದು ಇಂಚಿನ ಸಾವಿರದ ಪಾಲು. 10 ಅಂದರೆ 0.25 ಮಿ.ಮೀ., 12 ಅಂದರೆ 0.30 ಮಿ.ಮೀ. ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ ಅಲ್ವಾ? ಆದರೆ ಒಂದೇ ಉದ್ದ, ಒಂದೇ ಶ್ರುತಿ ಇದ್ದಾಗ ಎಳೆತ ದಪ್ಪದ ವರ್ಗದ ಲೆಕ್ಕದಲ್ಲಿ ಏರುತ್ತದೆ. 25.5 ಇಂಚಿನ ಗಿಟಾರಿನಲ್ಲಿ ಮೊದಲ ತಂತಿ 10 ಆದರೆ ಸುಮಾರು 7.3 ಕೆಜಿ ಎಳೆಯುತ್ತದೆ, 12 ಆದರೆ ಸುಮಾರು 10.6 ಕೆಜಿ. ಆರೂ ತಂತಿ ಸೇರಿದರೆ 12-53 ಸೆಟ್ 70 ಕೆಜಿ ದಾಟುತ್ತದೆ, 10-47 ಸುಮಾರು 60 ಕೆಜಿ. ಅಂದರೆ ನೆಕ್ಕಿನ ಮೇಲಿಂದ ಹತ್ತು ಕೆಜಿಗೂ ಮೀರಿದ ಎಳೆತವನ್ನು ನೀವು ಒಂದೇ ದಿನ ಇಳಿಸಿದ್ದೀರಿ.

ನೆಕ್ ಒಳಗೆ ಟ್ರಸ್ ರಾಡ್ ಅಂತ ಒಂದು ಕಬ್ಬಿಣದ ಸಲಾಕೆ ಇರುತ್ತದೆ. ತಂತಿ ನೆಕ್ಕನ್ನು ಮುಂದಕ್ಕೆ ಎಳೆಯುತ್ತದೆ, ರಾಡ್ ಹಿಂದಕ್ಕೆ ಎಳೆಯುತ್ತದೆ. ಇಬ್ಬರೂ ಸಮ ಇದ್ದಾಗ ನೆಕ್ ತೀರಾ ನೇರವಾಗಿ ಇರದೆ ನಡುವೆ ಕೂದಲೆಳೆಯಷ್ಟು ತಗ್ಗಾಗಿರುತ್ತದೆ. ನಿಮ್ಮ ರಾಡನ್ನು 12ರ ತಂತಿಗೆ ಬಿಗಿ ಮಾಡಿಟ್ಟಿದ್ದಾರೆ. ಈಗ ತಂತಿ ಸೋತಿದೆ, ರಾಡ್ ಗೆದ್ದಿದೆ. ನೆಕ್ ನೇರವಾಗಿದೆ, ಹಿಂದಕ್ಕೆ ಬಾಗಿದ್ದರೂ ಆಶ್ಚರ್ಯ ಇಲ್ಲ. ಮೂರು, ನಾಲ್ಕನೇ ಫ್ರೆಟ್ಟಿನ ಹೊಸ ಝುಂಯ್ ಬಂದಿರುವುದು ಇಲ್ಲಿಂದ. ಇದು ತಂತಿಯ ತಪ್ಪೂ ಅಲ್ಲ, ಫ್ರೆಟ್ಟಿನ ತಪ್ಪೂ ಅಲ್ಲ. ತಂತಿ ಬದಲಿಸಿ ನೆಕ್ಕನ್ನು ಹಾಗೇ ಬಿಟ್ಟಿದ್ದರ ಫಲ.

ಆದರೆ ಒಂದನೇ ಫ್ರೆಟ್ಟಿನ ಝುಂಯ್ 12 ಇದ್ದಾಗಲೂ ಇತ್ತು ಅಂದಿರಿ. ಅದು ಬೇರೆ ಕಥೆ. ಅದಕ್ಕೆ ಫ್ರೆಟ್ ನೋಡಲೇಬೇಕು. ತಂತಿ ಸಡಿಲ ಮಾಡಿ, ಪಕ್ಕಕ್ಕೆ ಸರಿಸಿ, ಮೊಬೈಲ್ ಟಾರ್ಚನ್ನು ಫ್ರೆಟ್‌ಬೋರ್ಡಿಗೆ ಅಡ್ಡವಾಗಿ ಹಿಡಿಯಿರಿ. ಒಂದು, ಎರಡು, ಮೂರನೇ ಫ್ರೆಟ್ಟಿನ ಮೇಲೆ ತಂತಿ ಕೂರುವ ಜಾಗದಲ್ಲಿ ಕಚ್ಚು ಬಿದ್ದಿದೆಯಾ ನೋಡಿ. ಉಗುರು ಎಳೆದು ನೋಡಿ, ಸಿಕ್ಕಿಕೊಳ್ಳುತ್ತದಾ ಹೇಳಿ.

ಸಿಕ್ಸ್ ಸ್ಟ್ರಿಂಗ್ ಸೀನ:
ಸರಿ ಸಾರ್, ನೆಕ್ಕಿನ ಮಾತು ಒಪ್ಪುತ್ತೇನೆ, ನಾನು ಅದನ್ನು ಯೋಚಿಸಿರಲಿಲ್ಲ. ಆದರೆ ಸ್ಯಾಡಲ್ ಎತ್ತರಿಸಿದರೆ ಎರಡೂ ಒಟ್ಟಿಗೆ ಹೋಗುವುದಿಲ್ಲವಾ?

ಅರ ಮತ್ತು ಉಳಿ:
ಹೋಗುವುದಿಲ್ಲ. ಸ್ಯಾಡಲ್ ಇರುವುದು ಆ ಕಡೆ ತುದಿಯಲ್ಲಿ. ಅಲ್ಲಿ 1 ಮಿ.ಮೀ. ಎತ್ತರಿಸಿದರೆ ಹನ್ನೆರಡನೇ ಫ್ರೆಟ್ಟಿನಲ್ಲಿ ಅರ್ಧ ಮಿ.ಮೀ. ಏರುತ್ತದೆ. ಒಂದನೇ ಫ್ರೆಟ್ ಒತ್ತಿದಾಗ ಎರಡನೇ ಫ್ರೆಟ್ಟಿನ ಮೇಲೆ ಸಿಗುವ ಜಾಗ ಲೆಕ್ಕಕ್ಕೇ ಬರುವುದಿಲ್ಲ. ಮೇಲೆ ನುಡಿಸುವುದು ಕಷ್ಟವಾಗುತ್ತದೆ, ಕೆಳಗಿನ ಝುಂಯ್ ಅಲ್ಲೇ ಇರುತ್ತದೆ.

ಸುಮ್ನೆ ಒಂದು ಗುರುತು ಹೇಳುತ್ತೇನೆ. ಒತ್ತದೆ ಬಿಟ್ಟ ತಂತಿ ಮಾತ್ರ ಝುಂಯ್ ಅಂದರೆ ನಟ್ (ಗಿಟಾರಿನ ತಲೆಯ ಕಡೆ ತಂತಿ ಕೂರುವ ಪಟ್ಟಿ) ನೋಡಿ, ಅದರ ಗೀರು ಆಳವಾಗಿದೆ. ಒಂದರಿಂದ ಐದನೇ ಫ್ರೆಟ್ಟಿನವರೆಗೆ ಎಲ್ಲಾ ಕಡೆ ಅಂದರೆ ನೆಕ್ ನೇರವಾಗಿದೆ. ಹನ್ನೆರಡರ ಮೇಲೆ ಅಂದರೆ ಸ್ಯಾಡಲ್ ತಗ್ಗಿದೆ, ಇಲ್ಲವೇ ನೆಕ್ಕು ಬಾಡಿಗೆ ಸೇರುವಲ್ಲಿ ಉಬ್ಬಿದೆ. ಒಂದೇ ತಂತಿ, ಒಂದೇ ಫ್ರೆಟ್ ಅಂದರೆ ಸಾಮಾನ್ಯವಾಗಿ ಆ ಫ್ರೆಟ್ ಸವೆದಿದೆ, ಇಲ್ಲವೇ ಅದರ ಮುಂದಿನದು ಮೇಲೆದ್ದಿದೆ.

ಕರಾವಳಿ ಕೊರಲ್:
ನಾನು ಉಡುಪಿ ಕಡೆಯವಳು, ಚರ್ಚಿನಲ್ಲಿ ಗಾಯನ ತಂಡಕ್ಕೆ ಗಿಟಾರ್ ನುಡಿಸುತ್ತೇನೆ. ಒಂದು ವಿಷಯ ಯಾರೂ ಹೇಳಲಿಲ್ಲ, ಅದು ತುಕ್ಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸ ತಂತಿ ಮೂರು ವಾರಕ್ಕೆ ಕಪ್ಪಾಗುತ್ತದೆ. ಬೆರಳಿನ ಬೆವರು, ಗಾಳಿಯ ತೇವ, ಎರಡೂ ಸೇರಿದರೆ ತಂತಿಯ ಕೆಳಗಡೆ ದೊರಗಾಗುತ್ತದೆ. ಮೇಲಿನಿಂದ ಕಾಣುವುದಿಲ್ಲ, ಬೆರಳನ್ನು ತಂತಿಯ ಅಡಿಗೆ ತೂರಿಸಿ ಸವರಿದರೆ ಗೊತ್ತಾಗುತ್ತದೆ. ಅಂಥ ತಂತಿ ಫ್ರೆಟ್ಟಿನ ಮೇಲೆ ದಿನಾ ಉಜ್ಜಿದರೆ ಅದು ಅರ ಹಾಕಿದ ಹಾಗೆಯೇ. ತೀರ್ಥಹಳ್ಳಿ ಮಳೆ ನಮಗಿಂತ ಏನೂ ಕಡಿಮೆ ಇಲ್ಲ. ತುಂಗಾತೀರದವರೇ, ತಂತಿಯನ್ನು ಎಷ್ಟು ದಿನಕ್ಕೆ ಬದಲಿಸುತ್ತೀರಿ?

ತುಂಗಾತೀರದವ:
ಅಕ್ಕ, ಹೇಳಲು ಬೇಸರ ಆಗುತ್ತದೆ. ತುಂಡಾದಾಗ ಮಾತ್ರ ಬದಲಿಸುತ್ತಿದ್ದೆ. ಒಂದು ಸೆಟ್ ಒಂದೂವರೆ ವರ್ಷ ಓಡಿದ್ದೂ ಇದೆ.

ಅರ ಸಾರ್, ಟಾರ್ಚ್ ಹಿಡಿದು ನೋಡಿದೆ. ಒಂದನೇ ಫ್ರೆಟ್ಟಿನಲ್ಲಿ ಎರಡನೇ ತಂತಿಯ ಕೆಳಗೆ ಸ್ಪಷ್ಟವಾಗಿ ಕಚ್ಚು ಇದೆ, ಉಗುರು ಸಿಕ್ಕಿಕೊಳ್ಳುತ್ತದೆ. ಎರಡನೇ ಫ್ರೆಟ್ಟಿನಲ್ಲಿ ಒಂದು, ಎರಡು, ಮೂರನೇ ತಂತಿ ಕೆಳಗೆ ಇನ್ನೂ ಆಳ. ಕ್ಯಾಪೊ ಹಾಕುತ್ತಿದ್ದುದು ಅಲ್ಲೇ. ಮೂರನೇ ಫ್ರೆಟ್ಟಿನಲ್ಲಿ ಸ್ವಲ್ಪ. ನಾಲ್ಕರಿಂದ ಮೇಲೆ ಏನೂ ಕಾಣಲಿಲ್ಲ, ಹೊಸದರ ಹಾಗೆ ಇದೆ. ಎಲ್ಲೋ ಓದಿದ ಹಾಗೆ ಎಟಿಎಂ ಕಾರ್ಡಿನ ಅಂಚನ್ನು ಮೂರು ಮೂರು ಫ್ರೆಟ್ಟಿನ ಮೇಲೆ ಇಟ್ಟು ಅಲ್ಲಾಡುತ್ತದಾ ನೋಡಿದೆ. ಎಲ್ಲೂ ಅಲ್ಲಾಡಲಿಲ್ಲ. ಇದಕ್ಕೇನು ಅರ್ಥ?

ಅರ ಮತ್ತು ಉಳಿ:
ಕಾರ್ಡ್ ಒಳ್ಳೆಯ ಉಪಾಯವೇ. ಯಾವುದಾದರೂ ಫ್ರೆಟ್ ಮೇಲೆದ್ದಿದ್ದರೆ ಹೇಳುತ್ತದೆ. ಆದರೆ ಕಾರ್ಡಿನ ಅಂಚು ಮುಕ್ಕಾಲು ಮಿ.ಮೀ. ದಪ್ಪ, ನಿಮ್ಮ ಎರಡನೇ ತಂತಿ ಅದರ ಅರ್ಧವೂ ಇಲ್ಲವೆನ್ನುವಷ್ಟು ಸಣ್ಣ. ತಂತಿ ಕೊರೆದ ಕಚ್ಚಿನೊಳಗೆ ಕಾರ್ಡ್ ಇಳಿಯುವುದಿಲ್ಲ, ಎರಡು ದಡದ ಮೇಲೆ ಕೂತು ಎಲ್ಲ ಸರಿ ಇದೆ ಅನ್ನುತ್ತದೆ. ಕಚ್ಚಿಗೆ ಕಣ್ಣು, ಉಗುರು ಇವೇ ಸಾಧನ.

ಸಂತೋಷದ ವಿಷಯ ಏನೆಂದರೆ ಮೇಲೆದ್ದ ಫ್ರೆಟ್ ಇಲ್ಲ, ಸವೆತ ಮೊದಲ ಮೂರಕ್ಕೆ ನಿಂತಿದೆ. ಗಿಟಾರ್ ಎಸೆಯುವ ಮಾತೇ ಇಲ್ಲ.

ಫ್ರೆಟ್ಟಿನ ಲೋಹಕ್ಕೆ ನಿಕಲ್ ಸಿಲ್ವರ್ ಅಂತ ಹೆಸರು. ಪಾತ್ರೆ ಅಂಗಡಿಯಲ್ಲಿ ಜರ್ಮನ್ ಸಿಲ್ವರ್ ಅನ್ನುತ್ತಾರಲ್ಲ, ಅದೇ ಜಾತಿ. ಬೆಳ್ಳಿ ಒಂದು ಚೂರೂ ಇಲ್ಲ, ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ. ತಂತಿಯ ಉಕ್ಕು ಅದಕ್ಕಿಂತ ಗಟ್ಟಿ. ಹಾಗಾಗಿ ಸವೆಯುವುದು ಫ್ರೆಟ್ಟೇ.

ಹದಿಮೂರರ ಅಭಿಮಾನಿ:
ಹಾಗಾದರೆ ದಪ್ಪ ತಂತಿ ಫ್ರೆಟ್ಟನ್ನು ಬೇಗ ತಿನ್ನುತ್ತದೆ ಅನ್ನುವುದು ನಿಜವಾ ಸಾರ್? ನಾನು ಹತ್ತು ವರ್ಷದಿಂದ ಕೇಳುತ್ತಿರುವ ಬೈಗುಳ ಇದು. ಸ್ಟೀವಿ ರೇ ವಾನ್ ಅವರ ಮುಖ್ಯ ಗಿಟಾರಿಗೆ ಎಷ್ಟೋ ಸಲ ಫ್ರೆಟ್ ಬದಲಿಸಿ ಕೊನೆಗೆ ನೆಕ್ಕನ್ನೇ ಬದಲಿಸಬೇಕಾಯಿತು ಅನ್ನುವುದನ್ನು ಎಲ್ಲರೂ ನನಗೆ ತೋರಿಸುತ್ತಾರೆ.

ಅರ ಮತ್ತು ಉಳಿ:
ನನ್ನ ಮೇಜಿನ ಮೇಲೆ ಬಂದ ಗಿಟಾರುಗಳನ್ನು ನೋಡಿ ಹೇಳುವುದಾದರೆ, ಆಳವಾದ ಕಚ್ಚು ಬೀಳುವುದು ಸಣ್ಣ ತಂತಿಗಳ ಕೆಳಗೆ. ಸಣ್ಣ ತಂತಿ ಚಾಕುವಿನ ಹಾಗೆ, ಒತ್ತಡ ಎಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ. ಸುತ್ತಿದ ದಪ್ಪ ತಂತಿ ಅಗಲವಾಗಿ, ಕಡಿಮೆ ಆಳಕ್ಕೆ ಉಜ್ಜುತ್ತದೆ. ವಾನ್ ಅವರ ಫ್ರೆಟ್ ಸವೆದಿದ್ದಕ್ಕೆ ಬರೀ 13 ಕಾರಣ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ನುಡಿಸುತ್ತಿದ್ದ ಬಲ, ಬೆಂಡ್, ಗಂಟೆಗಟ್ಟಲೆ ಅಭ್ಯಾಸ, ಇವನ್ನೆಲ್ಲ ಎಲ್ಲಿಡುತ್ತೀರಿ? ಇನ್ನೊಂದು, ಅವರು ಶ್ರುತಿಯನ್ನು ಅರ್ಧ ಸ್ವರ ಇಳಿಸುತ್ತಿದ್ದರು. ಅರ್ಧ ಸ್ವರ ಇಳಿಸಿದರೆ ಎಳೆತ ನೂರಕ್ಕೆ ಹನ್ನೊಂದು ಪಾಲು ಇಳಿಯುತ್ತದೆ. 13 ಹಾಕಿದ್ದರೂ ಮೊದಲ ತಂತಿಯ ಎಳೆತ ಸುಮಾರು 11 ಕೆಜಿ, ಮಾಮೂಲಿ ಶ್ರುತಿಯ 12ಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಗೇಜ್ (ತಂತಿಯ ದಪ್ಪ) ಒಂದನ್ನೇ ಹೇಳಿ ಶ್ರುತಿ ಹೇಳದಿದ್ದರೆ ಅರ್ಧ ಮಾತು ಹೇಳಿದ ಹಾಗೆ.

ಹುಬ್ಬಳ್ಳಿ ಮೇಷ್ಟ್ರು:
ನಮಸ್ಕಾರರೀ. ನಾನು ಮಕ್ಕಳಿಗೆ ಗಿಟಾರ್ ಕಲಿಸುವವನು. ಎಲ್ಲರೂ ಲೋಹ, ತಂತಿ, ಸಲಾಕೆ ಅಂತ ಮಾತಾಡಿದಿರಿ, ಕೈ ಬಗ್ಗೆ ಯಾರೂ ಹೇಳಲಿಲ್ಲ. ಫ್ರೆಟ್ ಸವೆಸುವುದು ಕೈಯೇರೀ. ಹೊಸಬರು ಎರಡು ಫ್ರೆಟ್ಟಿನ ನಡುವೆ ಬೆರಳಿಟ್ಟು ತಂತಿ ಮರಕ್ಕೆ ತಾಗುವ ತನಕ ಒತ್ತುತ್ತಾರೆ. ಫ್ರೆಟ್ಟಿನ ಹಿಂದೆಯೇ, ಅದಕ್ಕೆ ಅಂಟಿಕೊಂಡ ಹಾಗೆ ಬೆರಳಿಟ್ಟರೆ ಅರ್ಧ ಬಲ ಸಾಕು. ನಾನು ಮಕ್ಕಳಿಂದ ಒಂದು ಕೆಲಸ ಮಾಡಿಸುತ್ತೇನೆ. ತಂತಿಯನ್ನು ಬರೀ ಮುಟ್ಟಿ ಮೀಟಲು ಹೇಳುತ್ತೇನೆ, ಸದ್ದು ಸತ್ತಿರುತ್ತದೆ. ನಿಧಾನವಾಗಿ ಬಲ ಹೆಚ್ಚಿಸುತ್ತಾ ಹೋಗು, ಸ್ವರ ಸ್ವಚ್ಛ ಆದ ತಕ್ಷಣ ನಿಲ್ಲು ಅನ್ನುತ್ತೇನೆ. ಎಲ್ಲಾ ಮಕ್ಕಳೂ ದಂಗಾಗುತ್ತಾರೆ, ಇಷ್ಟೇ ಸಾಕಾ ಸರ್ ಅಂತ.

ಇದಕ್ಕೂ ಗೇಜಿಗೂ ಸಂಬಂಧ ಇದೆ ನೋಡ್ರಿ. 12ರಲ್ಲಿ ಗಟ್ಟಿಯಾಗಿ ಒತ್ತಿ ರೂಢಿಯಾದ ಕೈ 10ಕ್ಕೆ ಬಂದರೆ ಅದೇ ಬಲ ಹಾಕುತ್ತದೆ. ಸಣ್ಣ ತಂತಿ ಬೇಗ ಹಿಗ್ಗುತ್ತದೆ, ಸ್ವರ ಮೇಲೇರುತ್ತದೆ. ಟ್ಯೂನರ್‌ನಲ್ಲಿ ಖಾಲಿ ತಂತಿ ಸರಿಯಾಗಿದ್ದರೂ ಕಾರ್ಡ್ ಹಿಡಿದಾಗ ಅಪಶ್ರುತಿ. ಸಣ್ಣ ತಂತಿ ಸುಲಭ ಅನ್ನುವವರು ಈ ಮಾತನ್ನೂ ಹೇಳಬೇಕು. ಸಣ್ಣ ತಂತಿ ಬೆರಳಿಗೆ ಸುಲಭ, ಕಿವಿಗೆ ಕಷ್ಟ. ಕೈ ಹಗುರ ಆದವರಿಗೆ ಮಾತ್ರ ಎರಡೂ ಸುಲಭ.

ಸಿಕ್ಸ್ ಸ್ಟ್ರಿಂಗ್ ಸೀನ:
ಮೇಷ್ಟ್ರೇ, ಇದು ನನಗೆ ತಾಗಿದ ಮಾತು. ಜಂಬೊ ಫ್ರೆಟ್ ಇರುವ ಗಿಟಾರ್ ತಗೊಂಡ ಮೇಲೆ ರೆಕಾರ್ಡಿಂಗ್‌ನಲ್ಲಿ ನನ್ನ ಕಾರ್ಡ್ ಎಲ್ಲ ಸ್ವಲ್ಪ ಏರಿ ಕೇಳುತ್ತಿತ್ತು. ಎತ್ತರದ ಫ್ರೆಟ್, 9ರ ತಂತಿ, ಗಟ್ಟಿ ಕೈ. ಗಿಟಾರೇ ಸರಿ ಇಲ್ಲ ಅಂತ ಒಂದು ವರ್ಷ ಅಂದುಕೊಂಡಿದ್ದೆ. ಈಗ 10-46 ಹಾಕಿ ನೋಡಬೇಕು ಅನ್ನಿಸುತ್ತಿದೆ.

ಮೇಣದ ಮೆಟ್ಟಿಲು:
ನಾನು ಮೈಸೂರಿನವಳು. ವೀಣೆ ಕಲಿತು ಆಮೇಲೆ ಗಿಟಾರಿಗೆ ಬಂದವಳು. ನಿಮ್ಮ ಮಾತೆಲ್ಲ ಓದುತ್ತಾ ನನಗೆ ನನ್ನ ವೀಣೆಯೇ ಕಣ್ಣಮುಂದೆ ಬರುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ವೀಣೆಯಲ್ಲಿ 24 ಮೆಟ್ಟಿಲು. ಕಪ್ಪು ಮೇಣದ ಮೇಲೆ ಒಂದೊಂದನ್ನೂ ಕಿವಿಯಿಂದ ಸ್ವರ ನೋಡಿ ಕೂರಿಸುತ್ತಾರೆ. ಮೇಳ ಕಟ್ಟುವುದು ಅಂತ ಅದಕ್ಕೆ ಹೆಸರು. ನುಡಿಸುತ್ತಾ ನುಡಿಸುತ್ತಾ ಮೆಟ್ಟಿಲಿನ ಮೇಲೂ ಕಚ್ಚು ಬೀಳುತ್ತದೆ. ಗಮಕಕ್ಕೆ ತಂತಿ ಎಳೆದರೆ ಬೆರಳು ಒಂದು ಕಡೆ ಗಕ್ಕನೆ ತಡೆಯುತ್ತದೆ. ಆಗ ಗೊತ್ತಾಗುತ್ತದೆ, ಮೆಟ್ಟಿಲು ಉಜ್ಜಿಸುವ ಕಾಲ ಬಂತು ಅಂತ. ಗಿಟಾರಿನಲ್ಲಿ ಓಪನ್ ಕಾರ್ಡ್ ಮಾತ್ರ ಹಿಡಿಯುವವರಿಗೆ ಈ ತಡೆ ಗೊತ್ತಾಗುವುದಿಲ್ಲ, ಝುಂಯ್ ಬಂದ ಮೇಲೇ ಎಚ್ಚರ. ತಂತಿ ಎಳೆಯುವವರಿಗೆ ಅದಕ್ಕೂ ಎಷ್ಟೋ ಮೊದಲೇ ಬೆರಳು ಹೇಳುತ್ತದೆ.

ಎತ್ತರದ ಮಾತು ಬಂತು ನೋಡಿ, ಅದು ಇನ್ನೊಂದು. ವೀಣೆಯ ಮೆಟ್ಟಿಲು ಎತ್ತರ, ಬೆರಳು ಮರಕ್ಕೆ ತಾಗುವುದೇ ಇಲ್ಲ. ಅದಕ್ಕೇ ಒಂದೇ ಮೆಟ್ಟಿಲಿನಲ್ಲಿ ಮೂರು ಸ್ವರ ಎಳೆಯಬಹುದು. ಗಿಟಾರಿನಲ್ಲಿ ಬೆರಳಿನ ತುದಿ ಮರಕ್ಕೆ ಉಜ್ಜುತ್ತದೆ. ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್ 1970ರ ದಶಕದಲ್ಲಿ ಶಕ್ತಿ ತಂಡದಲ್ಲಿ ನುಡಿಸಿದ ಗಿಟಾರಿಗೆ ಫ್ರೆಟ್ಟುಗಳ ನಡುವಿನ ಮರವನ್ನು ತೋಡಿಸಿಕೊಂಡಿದ್ದರು. ಬೆರಳಿನ ಕೆಳಗೆ ಮರ ಇರದಿದ್ದರೆ ತಂತಿ ಎಳೆಯಲು ಎಷ್ಟು ಹಗುರ ಅನ್ನುವುದು ವೀಣೆಯವರಿಗೆ ಗೊತ್ತಿರುವ ವಿಷಯ. ಹಾಗಾಗಿ ನನ್ನ ಮಟ್ಟಿಗೆ, ಗಮಕ ನುಡಿಸುವ ಗಿಟಾರಿಗೆ ತಂತಿ ಸಣ್ಣ ಮಾಡುವುದಕ್ಕಿಂತ ಫ್ರೆಟ್ ಎತ್ತರ ಇರುವುದು ಮುಖ್ಯ. ನಾನು ಎಲೆಕ್ಟ್ರಿಕ್‌ನಲ್ಲಿ 10-46ರಿಂದ 9-42ಕ್ಕೆ ಇಳಿದೆ, ಅಷ್ಟೇನೂ ಸುಲಭ ಆಗಲಿಲ್ಲ. ಸವೆದು ಚಪ್ಪಟೆಯಾಗಿದ್ದ ಫ್ರೆಟ್ ತೆಗೆಸಿ ಎತ್ತರದ್ದು ಹಾಕಿಸಿದೆ, ಮತ್ತೆ 10ಕ್ಕೇ ಬಂದೆ. ಈಗ ಕಾಂಭೋಜಿ ರಾಗದ ಎಳೆತ ಕೈಗೆ ಬರುತ್ತದೆ.

ಹದಿಮೂರರ ಅಭಿಮಾನಿ:
ಮೇಡಂ, ಇದನ್ನು ನಾನು ಮೊದಲ ಸಲ ಕೇಳುತ್ತಿದ್ದೇನೆ. ತಂತಿ ಎಳೆಯಲು ಕಷ್ಟ ಅಂದರೆ ತಂತಿಯನ್ನೇ ಬೈಯುತ್ತಿದ್ದೆವು, ಬೆರಳು ಮರಕ್ಕೆ ಉಜ್ಜುತ್ತಿದೆ ಅಂತ ಯೋಚಿಸಿರಲಿಲ್ಲ.

ಅರ ಮತ್ತು ಉಳಿ:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಚಪ್ಪಟೆ ಅಂದಿರಲ್ಲ, ಅದರ ಬಗ್ಗೆ ಎರಡು ಮಾತು. ಫ್ರೆಟ್ಟಿನ ತಲೆ ದುಂಡಗಿರಬೇಕು, ತಂತಿ ಅದರ ನೆತ್ತಿಯ ಮೇಲೆ ಕೂರಬೇಕು. ಸವೆದು ಚಪ್ಪಟೆಯಾದರೆ ತಂತಿ ಸ್ಯಾಡಲ್ ಕಡೆಯ ಅಂಚಿನಿಂದ ಮೇಲೇಳುತ್ತದೆ. ಅಂದರೆ ತಂತಿಯ ಉದ್ದ ಕಡಿಮೆಯಾಯಿತು. ಹನ್ನೆರಡನೇ ಫ್ರೆಟ್ಟಿನಲ್ಲಿ 1 ಮಿ.ಮೀ. ಸರಿದರೆ ಸ್ವರ ಸುಮಾರು 5 ಸೆಂಟ್ ಏರುತ್ತದೆ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ದೊಡ್ಡದಲ್ಲ ಅನ್ನಿಸಬಹುದು, ಆದರೆ ಕಾರ್ಡಿನಲ್ಲಿ ಒಂದು ತಂತಿ ಏರಿ ಇನ್ನೊಂದು ಏರದಿದ್ದರೆ ಕಿವಿಗೆ ಚುಚ್ಚುತ್ತದೆ. ಇದನ್ನು ಯಾವ ಗೇಜ್ ತಂತಿಯೂ ಸರಿ ಮಾಡುವುದಿಲ್ಲ.

ತುಂಗಾತೀರದವರೇ, ನಿಮ್ಮ ಗಿಟಾರಿಗೆ ಎರಡು ದಾರಿ. ಒಂದು, ಎಲ್ಲಾ ಫ್ರೆಟ್ಟನ್ನೂ ಅರ ಹಾಕಿ ಸವೆದ ಕಚ್ಚಿನ ಮಟ್ಟಕ್ಕೆ ಇಳಿಸಿ, ಮತ್ತೆ ತಲೆ ದುಂಡಗೆ ಮಾಡಿ ಪಾಲಿಶ್ ಮಾಡುವುದು. ಇದು ಲೆವೆಲಿಂಗ್. ಇನ್ನೊಂದು, ಸವೆದ ಮೂರನ್ನು ಮಾತ್ರ ಕಿತ್ತು ಹೊಸದು ಹಾಕಿ, ಉಳಿದವುಗಳ ಎತ್ತರಕ್ಕೆ ಸಮ ಮಾಡುವುದು. ನಾನಾದರೆ ಎರಡನೆಯದನ್ನು ಮಾಡುತ್ತೇನೆ.

ಸಿಕ್ಸ್ ಸ್ಟ್ರಿಂಗ್ ಸೀನ:
ಮೂರು ಮಾತ್ರ ಹೊಸದು ಹಾಕಿದರೆ ಬೇರೆ ಬೇರೆ ಅನ್ನಿಸುವುದಿಲ್ಲವಾ ಸಾರ್? ನನಗೆ ಒಬ್ಬರು ಲೆವೆಲಿಂಗ್ ಮಾಡಿಕೊಟ್ಟಿದ್ದರು, ಒಂದು ದಿನದಲ್ಲಿ ಮುಗಿಯಿತು, ಚೆನ್ನಾಗಿದೆ.

ಅರ ಮತ್ತು ಉಳಿ:
ಲೆವೆಲಿಂಗ್ ಕೆಟ್ಟದಲ್ಲ. ಕಚ್ಚು ಕಡಿಮೆ ಇದ್ದರೆ ಅದೇ ಸರಿ. ಆದರೆ ಫ್ರೆಟ್ಟಿನ ಎತ್ತರ ಅಂದರೆ ಬ್ಯಾಂಕಿನ ದುಡ್ಡಿದ್ದ ಹಾಗೆ. ಹೊಸದರಲ್ಲಿ ಸುಮಾರು 1.1, 1.2 ಮಿ.ಮೀ. ಇರುತ್ತದೆ. ಒಂದೊಂದು ಲೆವೆಲಿಂಗ್‌ಗೂ ಅದರಲ್ಲಿ ಒಂದಿಷ್ಟು ಹೋಗುತ್ತದೆ. ಎರಡು ಮೂರು ಸಲ ಆದ ಮೇಲೆ ಬೆರಳಿಗೆ ಮರವೇ ಸಿಗುತ್ತದೆ, ಫ್ರೆಟ್ ಸಿಗುವುದಿಲ್ಲ. ಇವರ ನಾಲ್ಕರಿಂದ ಇಪ್ಪತ್ತನೇ ಫ್ರೆಟ್ ಹೊಸದರ ಹಾಗಿವೆ. ಮೂರರ ತಪ್ಪಿಗೆ ಹದಿನೇಳನ್ನು ಉಜ್ಜಿ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಅದೇ ಅಗಲ, ಅದೇ ಲೋಹದ ಫ್ರೆಟ್ ಹಾಕಿ ಸಮ ಮಾಡಿದರೆ ಕೈಗೆ ಗೊತ್ತಾಗುವುದಿಲ್ಲ.

ಕರಾವಳಿ ಕೊರಲ್:
ಆ ಮೂರಕ್ಕೆ ಸ್ಟೀಲ್ ಫ್ರೆಟ್ ಹಾಕಿಸಬಹುದಲ್ಲ? ನನ್ನ ಎಲೆಕ್ಟ್ರಿಕ್‌ನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಇದೆ, ನಾಲ್ಕು ವರ್ಷವಾದರೂ ಒಂದು ಗೀರಿಲ್ಲ.

ಅರ ಮತ್ತು ಉಳಿ:
ಎಲ್ಲವೂ ಸ್ಟೀಲ್ ಆದರೆ ತುಂಬಾ ಒಳ್ಳೆಯದು. ಮೂರು ಸ್ಟೀಲ್, ಉಳಿದವು ನಿಕಲ್ ಸಿಲ್ವರ್ ಆದರೆ ಮುಂದೆ ನಾಲ್ಕನೇ ಫ್ರೆಟ್ ಸವೆದು ಮೂರನೆಯದು ಹಾಗೇ ನಿಲ್ಲುತ್ತದೆ, ಸಮ ಮಾಡುವುದು ಕಷ್ಟ. ಸ್ಟೀಲ್ ಗಟ್ಟಿ, ನಮ್ಮ ಅರಗಳನ್ನೂ ಬೇಗ ತಿನ್ನುತ್ತದೆ, ಅದಕ್ಕೇ ಕೂಲಿಯೂ ಜಾಸ್ತಿ. ಪೂರ್ತಿ ರಿಫ್ರೆಟ್ ಮಾಡಿಸುವ ದಿನ ಬಂದರೆ ಆಗ ಸ್ಟೀಲ್ ಹಾಕಿಸಲಿ.

ಚಳಿನಾಡಿನಿಂದ:
ನಾನು ಅಮೆರಿಕದ ಮಿನೆಸೋಟದಲ್ಲಿದ್ದೇನೆ, ಊರು ದಾವಣಗೆರೆ. ಇಲ್ಲಿ ನಿಮ್ಮ ಮಳೆಗಾಲಕ್ಕೆ ಪೂರ್ತಿ ಉಲ್ಟಾ. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕಿ ಗಾಳಿ ಒಣಗಿ ಫ್ರೆಟ್‌ಬೋರ್ಡಿನ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ಫ್ರೆಟ್ಟಿನ ತುದಿಗಳು ಹೊರಗೆ ಚಾಚಿ ಕೈಗೆ ಗೀರುತ್ತವೆ. ಊರಿನಿಂದ ತಂದ ಗಿಟಾರ್ ಮೊದಲ ಚಳಿಗಾಲದಲ್ಲೇ ಹೀಗಾಯಿತು. ಅದನ್ನು ಫ್ರೆಟ್ ಸವೆತ ಅಂದುಕೊಂಡು ಗಾಬರಿಯಾಗಿದ್ದೆ. ತುದಿ ಉಜ್ಜಿಸಿ, ಗಿಟಾರ್ ಪೆಟ್ಟಿಗೆಯಲ್ಲಿ ತೇವದ ಚೀಲ ಇಟ್ಟ ಮೇಲೆ ಸರಿಹೋಯಿತು. ಮಲೆನಾಡಿನವರಿಗೆ ಮಳೆಗಾಲದಲ್ಲಿ ಮರ ಉಬ್ಬಿ ತಂತಿಯೇ ಮೇಲೇರುತ್ತದೆ ಅಲ್ವಾ? ಬೆರಳು ನೋಯುತ್ತದೆ ಅಂದಿದ್ದಕ್ಕೆ ಅದೂ ಕಾರಣ ಇರಬಹುದು.

ಅರ ಮತ್ತು ಉಳಿ:
ಖಂಡಿತ ಇರಬಹುದು. ಅಕೂಸ್ಟಿಕ್ ಗಿಟಾರಿನ ಮೇಲಿನ ಹಲಗೆ ತೇವ ಕುಡಿದು ಉಬ್ಬುತ್ತದೆ, ಸ್ಯಾಡಲ್ ಕೂತಿರುವ ಬ್ರಿಡ್ಜ್ ಅದರ ಜೊತೆ ಏಳುತ್ತದೆ. ತುಂಗಾತೀರದವರೇ, ಹನ್ನೆರಡನೇ ಫ್ರೆಟ್ಟಿನ ಮೇಲೆ ಆರನೇ ತಂತಿಯ ಎತ್ತರ ಅಳೆದು ಹೇಳಿ. 2.5 ಮಿ.ಮೀ. ಆಸುಪಾಸು ಇರಬೇಕು. ಬೈಕ್ ಮೆಕ್ಯಾನಿಕ್ ವಾಲ್ವ್ ಸೆಟ್ ಮಾಡುವ ಫೀಲರ್ ಗೇಜ್ ಸಿಕ್ಕರೆ ಇನ್ನೊಂದು ಅಳತೆ. ಒಂದನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ, ಆರನೇ ತಂತಿಯನ್ನು ನೆಕ್ಕು ಬಾಡಿ ಸೇರುವಲ್ಲಿ ಒತ್ತಿ, ಏಳನೇ ಫ್ರೆಟ್ಟಿನ ಮೇಲೆ ಎಷ್ಟು ಸಂದಿದೆ ನೋಡಿ. 0.2ರಿಂದ 0.25 ಇರಬೇಕು.

ತುಂಗಾತೀರದವ:
ಅಳೆದೆ ಸಾರ್. ನಮ್ಮೂರ ಮೆಕ್ಯಾನಿಕ್ ಅಣ್ಣನೇ ಫೀಲರ್ ಗೇಜ್ ತಂದು ಪಕ್ಕದಲ್ಲಿ ಕೂತು ಅಳೆದುಕೊಟ್ಟರು. ಹನ್ನೆರಡನೇ ಫ್ರೆಟ್ಟಿನಲ್ಲಿ 3.2 ಮಿ.ಮೀ. ಏಳನೇ ಫ್ರೆಟ್ಟಿನಲ್ಲಿ ಸಂದಿಯೇ ಇಲ್ಲ, 0.05ರ ಎಲೆ ಕೂಡ ಹೋಗಲಿಲ್ಲ.

ಅರ ಮತ್ತು ಉಳಿ:
ನೋಡಿ, ಇಲ್ಲಿ ಎಲ್ಲ ಸಿಕ್ಕಿತು. ನೆಕ್ ನೇರ, ಆದರೆ ತಂತಿ ಎತ್ತರ. ಒಂದೇ ಗಿಟಾರ್ ಕೆಳಗೆ ಝುಂಯ್ ಅನ್ನುತ್ತದೆ, ಮೇಲೆ ಬೆರಳು ನೋಯಿಸುತ್ತದೆ. ಸೀನ ಅವರ ಮಾತು ಕೇಳಿ ಸ್ಯಾಡಲ್ ಎತ್ತರಿಸಿದ್ದರೆ ಇನ್ನೂ ನೋಯುತ್ತಿತ್ತು. ಟ್ರಸ್ ರಾಡ್ ಸಡಿಲಿಸಬೇಕು, ಅಪ್ರದಕ್ಷಿಣೆಯಾಗಿ. ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಅಲೆನ್ ಕೀ ಸರಿಯಾದ ಅಳತೆಯದೇ ಇರಲಿ, ಸಡಿಲ ಕೀ ಹಾಕಿ ತಿರುಗಿಸಿದರೆ ರಾಡಿನ ತಲೆ ಕೆಡುತ್ತದೆ. ಬಿಗಿ ಅನ್ನಿಸಿದರೆ ಬಲ ಹಾಕಬೇಡಿ, ಬಿಟ್ಟು ಗೊತ್ತಿರುವವರ ಹತ್ತಿರ ಹೋಗಿ.

ತುಂಗಾತೀರದವ:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕಾಲು ಸುತ್ತು ಸಡಿಲಿಸಿದ ಮರುದಿನವೇ ಮೂರು, ನಾಲ್ಕನೇ ಫ್ರೆಟ್ಟಿನ ಝುಂಯ್ ಹೋಯಿತು. ನೀವು ಹೇಳಿದ ಹಾಗೆಯೇ ಒಂದನೇ ಫ್ರೆಟ್ಟಿನದು ಹೋಗಲಿಲ್ಲ. ಶಿವಮೊಗ್ಗದಲ್ಲಿ ಕೆಲಸ ಗೊತ್ತಿರುವ ಒಬ್ಬರು ಸಿಕ್ಕರು. ಮೂರು ಫ್ರೆಟ್ ಬದಲಿಸಿದರು. ಮೊದಲು ಕಾವು ಕೊಟ್ಟು, ಮರ ಕೀಳದ ಹಾಗೆ ನಿಧಾನಕ್ಕೆ ಎತ್ತುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಸ್ಯಾಡಲ್ ಕೆಳಭಾಗ ಸ್ವಲ್ಪ ಉಜ್ಜಿ ತಂತಿಯ ಎತ್ತರವನ್ನು 2.4 ಮಿ.ಮೀ.ಗೆ ತಂದರು. ಆಮೇಲೆ ಯಾವ ತಂತಿ ಅಂತ ಕೇಳಿದರು. ನಾನು 11-52 ಅಂದೆ. 12ರ ಮೈ ಬೇಕಿತ್ತು, 10ರ ಆರಾಮವೂ ಬೇಕಿತ್ತು. ಅವರು ಅದಕ್ಕೇ ನೆಕ್ ಹೊಂದಿಸಿ ಕೊಟ್ಟರು.

ಮನೆಗೆ ಬಂದು ಮೊದಲು ಹಿಡಿದಿದ್ದು ಸಿ ಕಾರ್ಡ್. ಎರಡನೇ ತಂತಿ ಗಂಟೆಯ ಹಾಗೆ ಕೇಳಿತು. ಅಪ್ಪ ಒಳಗಿನಿಂದ "ಹೊಸ ಗಿಟಾರ್ ತಂದೆಯೇನೋ" ಅಂತ ಕೂಗಿದರು. ಕ್ಯಾಪೊ ಬಿಗಿಯನ್ನೂ ಕಡಿಮೆ ಮಾಡಿದ್ದೇನೆ, ನುಡಿಸಿ ಮುಗಿದ ಮೇಲೆ ತಂತಿ ಒರೆಸುತ್ತೇನೆ. ಮೇಷ್ಟ್ರ ಅಭ್ಯಾಸವನ್ನು ದಿನಾ ಐದು ನಿಮಿಷ ಮಾಡುತ್ತಿದ್ದೇನೆ, ನಿಜವಾಗಿಯೂ ಅರ್ಧ ಬಲವೂ ಬೇಡ. ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ.

ಹದಿಮೂರರ ಅಭಿಮಾನಿ:
11ಕ್ಕೆ ನಿಂತಿರಿ, ನನಗೆ ಸ್ವಲ್ಪ ನಿರಾಸೆಯೇ. ಆದರೂ ತುಂಬಾ ಖುಷಿಯಾಯಿತು. ಬೇಸಿಗೆಯಲ್ಲಿ ಒಂದು ಸಲ 12 ಹಾಕಿ ನೋಡಿ, ಈ ಸಲ ರಾಡ್ ಬಿಗಿ ಮಾಡಲು ಮರೆಯಬೇಡಿ.

ಹೊಸ ಸದಸ್ಯೆ ಹಾಸನ:
ಇದೆಲ್ಲ ಈಗ ಓದಿದೆ. ನನ್ನ ಮಗಳ ಗಿಟಾರ್ ಕೂಡ ಐದನೇ ಫ್ರೆಟ್ಟಿನಲ್ಲಿ ಝುಂಯ್ ಅನ್ನುತ್ತದೆ, ಒಂದೇ ತಂತಿಯಲ್ಲಿ. ತೆಗೆದುಕೊಂಡು ಆರು ತಿಂಗಳೂ ಆಗಿಲ್ಲ. ಇಷ್ಟು ಬೇಗ ಫ್ರೆಟ್ ಸವೆಯುತ್ತದಾ? ತಂತಿ ದಪ್ಪದ್ದು ಹಾಕಿಸಲಾ?

ಅರ ಮತ್ತು ಉಳಿ:
ಆರು ತಿಂಗಳಿಗೆ ಸವೆಯುವುದು ಅಪರೂಪ ಮೇಡಂ. ಆರನೇ ಫ್ರೆಟ್ ಮೇಲೆದ್ದಿರಬಹುದು, ಹೊಸ ಗಿಟಾರಿನಲ್ಲಿ ಅದೇ ಜಾಸ್ತಿ. ಇಲ್ಲಿ ಎಟಿಎಂ ಕಾರ್ಡ್ ಕೆಲಸಕ್ಕೆ ಬರುತ್ತದೆ. ಐದು, ಆರು, ಏಳನೇ ಫ್ರೆಟ್ಟಿನ ಮೇಲೆ ಕಾರ್ಡಿನ ಅಂಚು ಇಟ್ಟು, ಝುಂಯ್ ಅನ್ನುವ ತಂತಿಯ ಕೆಳಗೆ, ಏತದ ಹಾಗೆ ಆಡುತ್ತದಾ ನೋಡಿ. ತಂತಿ ಈಗಲೇ ಬದಲಿಸಬೇಡಿ.